ಹೊಸ್ತಿಲ ನೀರು

ಸಕ್ಕರೆ ಡಬ್ಬಿ ಮೊದಲಿದ್ದ ಜಾಗಕ್ಕೆ ಬಂತು. ಉಪ್ಪಿನ ಭರಣಿ ಒಲೆಯ ಎಡಕ್ಕೆ, ಚಹಾಪುಡಿ ಮೇಲಿನ ಹಲಗೆಗೆ, ಸಾಸಿವೆ ಜೀರಿಗೆ ಕಿಟಕಿಯ ಕಟ್ಟೆಗೆ. ಬೆಳಗ್ಗೆ ಏಳಕ್ಕೇ ಬಂದ ಗಿರಿಜಾಬಾಯಿ ಅಡುಗೆಮನೆಯನ್ನು ತನ್ನ ಕಾಲದಲ್ಲಿ ಹೇಗಿತ್ತೋ ಹಾಗೆ ಮಾಡುತ್ತಿದ್ದಳು. ಮಾಣಿಕಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮನೆ ಗಿರಿಜಾಬಾಯಿಯದು, ಡಬ್ಬಿಗಳು ಬಾಡಿಗೆಗಿದ್ದ ಮಾಣಿಕಬಾಯಿಯವು.

"ಇಷ್ಟೆಲ್ಲಾ ಯಾಕ್ರೀ ಅಮ್ಮಾರ? ಬ್ಯಾಂಕಿನಾಂವ ಬಂದು ಉಪ್ಪಿನ ಡಬ್ಬಿ ನೋಡ್ತಾನೇನ್ರೀ?"

"ಡಬ್ಬಿ ನೋಡಂಗಿಲ್ಲ. ನನ್ನ ಕೈ ಹುಡುಕಾಡಿದ್ರ ಅದನ್ನ ನೋಡ್ತಾನ. ಸ್ವಂತ ಮನ್ಯಾಗ ಸಕ್ರಿ ಹುಡುಕೋ ಹೆಂಗಸು ಎಲ್ಲ್ಯಾರ ಇರ್ತಾಳೇನವ್ವ?"

ಮರಾಠಿ ಸೀಮೆಯ ಉಮರ್ಗಾದ ಹೆದ್ದಾರಿಯಾಚೆ, ಹೊಸ ಪ್ಲಾಟುಗಳಲ್ಲಿ ಈ ಮನೆ ಎದ್ದು ನಾಲ್ಕು ವರ್ಷವಾಗಿತ್ತು. ಮಗ ಸೋಮೇಶ್ವರ ನಿಲಂಗಾದ ಒಂದು ಖಾಸಗಿ ಶಾಲೆಯಲ್ಲಿ ಮಾಸ್ತರನಾಗಿದ್ದ. ಅವನ ಸಂಬಳದ ಚೀಟಿ ನೋಡಿ ಬ್ಯಾಂಕು ಸಾಲ ಕೊಟ್ಟಿತ್ತು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದ ಮನೆಯ ಕಾಗದಗಳೆಲ್ಲ ಅಲ್ಲೇ ಅಡವು. ಮನೆಯವರೇ ವಾಸ ಮಾಡುವ ಮನೆ ಎಂದು ಬಡ್ಡಿಯಲ್ಲಿ ರಿಯಾಯಿತಿ ಸಿಕ್ಕಿತ್ತು. ಬ್ಯಾಂಕನ್ನು ಕೇಳದೆ ಬಾಡಿಗೆಗೆ ಕೊಡಬಾರದು ಎಂದೂ ಕಾಗದದಲ್ಲಿತ್ತು. ಆಮೇಲೆ ಶಾಲೆ ಮುಚ್ಚಿತು. ಸೋಮೇಶ್ವರ ಉದಗೀರದ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯಲು ಕುಳಿತ. ಅಲ್ಲಿ ಸಿಗುವುದು ಹೊಟ್ಟೆಗಾಯಿತು, ಬಸ್ಸಿಗಾಯಿತು. ಹದಿನಾಲ್ಕು ತಿಂಗಳ ಹಿಂದೆ ಗಂಡ, ಹೆಂಡತಿ, ಮಗ ಮೂವರೂ ಹಳೇ ಊರಿನ ಮಠದ ಹಿಂದಿನ ಒಂದು ಕೋಣೆಗೆ ಸರಿದು, ಮನೆಯನ್ನು ಕಾಳುಕಡಿ ವ್ಯಾಪಾರದ ಜಗದೇವಪ್ಪನಿಗೆ ಬಾಡಿಗೆಗೆ ಕೊಟ್ಟರು. ಬಂದ ಬಾಡಿಗೆ ಹಾಗೇ ಸಾಲದ ಕಂತಿಗೆ ಹೋಗುತ್ತಿತ್ತು.

ಬ್ಯಾಂಕಿಗೆ ಮಾತ್ರ ಯಾರೂ ಹೇಳಲಿಲ್ಲ. ಒಂದು ಮಾತು ಕೇಳಿ ಬನ್ನಿ ಎಂದು ಗಿರಿಜಾಬಾಯಿ ಗಂಡನ ಬೆನ್ನು ಹತ್ತಿದ್ದಳು. "ನಾ ಜಂಗಮ ಇದ್ದೀನಿ. ಭಿಕ್ಷಾ ಬೇಡ್ತೀನಿ, ಪರವಾನಗಿ ಬೇಡಂಗಿಲ್ಲ," ಎಂದು ಚಿದಂಬರಯ್ಯ ದೊಡ್ಡ ಮಾತಾಡಿ ವಿಭೂತಿ ಹಚ್ಚಿಕೊಂಡು ಪೂಜೆಗೆ ಹೋಗಿಬಿಟ್ಟಿದ್ದ. ಪೂಜೆ ಮಾಡಿಸುವವರ ಮನೆಯಲ್ಲಿ ಇಂಥ ಮಾತಿಗೆ ಎದುರುತ್ತರ ಸಿಗುವುದು ಕಷ್ಟ.

ಬಾಡಿಗೆ ಇಸಿದುಕೊಳ್ಳುವುದೂ ಅವನಿಗೆ ಆಗದ ಕೆಲಸವೇ. ಅದನ್ನು ಹಗುರ ಮಾಡಿದವಳು ಜಗದೇವಪ್ಪನ ಹೆಂಡತಿ ಮಾಣಿಕಬಾಯಿ. ಅವಳ ತವರಿನಲ್ಲಿ ಅಯ್ಯನವರ ಕೈಗೆ ರೊಕ್ಕ ಕೊಡುವ ಪದ್ಧತಿಯಿರಲಿಲ್ಲ. ಪ್ರತಿ ತಿಂಗಳು ಐದನೇ ತಾರೀಖಿಗೆ ಚಿದಂಬರಯ್ಯ ಬಂದು ಹೊಸ್ತಿಲಾಚೆ ನಿಂತು "ಶಿವ ಶಿವ" ಎನ್ನುವನು. ಅವಳು ತಂಬಿಗೆ ಹಿಡಿದು ಬಂದು ಕುಕ್ಕರಗಾಲಲ್ಲಿ ಕೂತು ಅವನ ಪಾದ ತೊಳೆದು, ಒದ್ದೆ ಬೆರಳನ್ನು ಕಣ್ಣಿಗೊತ್ತಿಕೊಳ್ಳುವಳು. ಆಮೇಲೆ ಅವನು ಒಳಗೆ ಕಾಲಿಡುವುದು. ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ, ಎಲೆಯ ಕೆಳಗೆ ಬಾಡಿಗೆ. ಹೀಗೆ ಬಂದರೆ ಅದು ಕಾಣಿಕೆಯ ಹಾಗೇ ಕಾಣುತ್ತಿತ್ತು, ಚಿದಂಬರಯ್ಯನಿಗೆ ಅಷ್ಟು ಸಾಕಾಗಿತ್ತು.

"ನಿಮ್ಮ ಮನಿಗೆ ನೀವೇ ಭಿಕ್ಷಾಕ್ಕ ಹೋಗ್ಲತ್ತೀರಿ," ಎಂದು ಗಿರಿಜಾಬಾಯಿ ಚುಚ್ಚುತ್ತಿದ್ದಳು. ತಾನು ಮಾತ್ರ ಈ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಈ ಕಡೆ ತಲೆ ಹಾಕಿರಲಿಲ್ಲ. ಅವಳಿಗೆ ಹೊಟ್ಟೆಯುರಿ ಎಂದು ಜಗದೇವಪ್ಪನ ಮನೆಯವರು ತಿಳಿದುಕೊಂಡಿರಬಹುದು. ಹೊಟ್ಟೆಯುರಿಯಲ್ಲ, ದುಃಖ.

ಹೋದ ವಾರ ಬ್ಯಾಂಕಿನ ಕಾಗದ ಈ ಮನೆಯ ವಿಳಾಸಕ್ಕೇ ಬಂದಿತ್ತು. ಜಗದೇವಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಿದ್ದ. ಗುರುವಾರ ಹತ್ತಕ್ಕೆ ಸಾಹೇಬರು ಬಂದು ಮನೆಯಲ್ಲಿ ಯಾರಿದ್ದಾರೆಂದು ನೋಡುತ್ತಾರೆ. ಬೇರೆಯವರು ಇದ್ದರೆ ರಿಯಾಯಿತಿ ರದ್ದು, ನಾಲ್ಕು ವರ್ಷ ಬಿಟ್ಟ ಬಡ್ಡಿಯೆಲ್ಲ ಒಟ್ಟಿಗೆ ಕಟ್ಟಬೇಕು, ಕಟ್ಟದಿದ್ದರೆ ಮನೆ ಬ್ಯಾಂಕಿನದು. ಅಷ್ಟು ಹಣ ಅವರ ಕೈಯಲ್ಲಿ ಹುಟ್ಟುವುದಲ್ಲ. ಹಾಗಾಗಿ ಒಂದು ಮುಂಜಾನೆಯ ಮಟ್ಟಿಗೆ ಈ ನಾಟಕ. ಸೋಮೇಶ್ವರ ರಜೆ ಸಿಗದೆ ಮಿಲ್ಲಿಗೆ ಹೋದ, ಜಗದೇವಪ್ಪ ಬೇಗನೆ ಅಂಗಡಿಗೆ ಹೋದ. ಮಾಣಿಕಬಾಯಿ ಕೆಲಸಕ್ಕೆ ನೆರವಾಗಲು ಬಂದ ಭಕ್ತರ ಮನೆಯ ಹೆಣ್ಣುಮಗಳಾಗಿ ಹಿತ್ತಲಲ್ಲಿ ಬೇಳೆ ಹಸನು ಮಾಡುತ್ತಾ ಕೂತಿರಬೇಕು. ಚಿದಂಬರಯ್ಯ ತುರೋರಿಯಲ್ಲಿ ಯಾರದೋ ಹೊಸ ಮನೆಯ ಗೃಹಪ್ರವೇಶ ಮುಗಿಸಿ ಒಂಬತ್ತಕ್ಕೆಲ್ಲ ಬಂದು, ಪಡಸಾಲೆಯಲ್ಲಿ ಮನೆಯ ಯಜಮಾನನಾಗಿ ಕೂತಿರಬೇಕು.

ಹತ್ತಾದರೂ ಅವನ ಸುಳಿವಿಲ್ಲ. ಸಾಹೇಬರು ಮಾತ್ರ ಹೇಳಿದ ಹೊತ್ತಿಗೇ ಬಂದರು. ಬ್ಯಾಂಕಿನವರಿಗೆ ಗಡಿಯಾರ ನೆನಪಾಗುವುದು ಇಂಥ ಕೆಲಸಕ್ಕೇ.

ಬಂದ ಸಾಹೇಬ ಸೂರ್ಯಕಾಂತನಿಗೆ ಮೂವತ್ತೈದರ ಸುಮಾರು. ಬಗಲಲ್ಲಿ ಫೈಲು. ಬಾಗಿಲಲ್ಲಿ ಮರಾಠಿಯಲ್ಲಿ ವಿಚಾರಿಸಿದವನು, ಗಿರಿಜಾಬಾಯಿಯ ಹಣೆಯ ವಿಭೂತಿ ನೋಡಿ ಕನ್ನಡಕ್ಕೆ ತಿರುಗಿದ. "ನಮ್ಮದು ಮುರುಮ್ ರೀ ಅಮ್ಮಾರ. ಮನ್ಯಾಗ ಕನ್ನಡಾನೇ." ಕೋಣೆಗಳನ್ನು ಇಣುಕಿ ನೋಡಿದ, ದೇವರ ಜಗಲಿಗೆ ಕೈಮುಗಿದ, ಕುರ್ಚಿಯಲ್ಲಿ ಕೂತ. ಕುರ್ಚಿ ನೇರ ಹೊಸ್ತಿಲಿಗೆ ಮುಖ ಮಾಡಿತ್ತು.

"ಅಯ್ಯಾರು ಎಲ್ಲಿ ಹೋಗ್ಯಾರ್ರೀ?"

"ಪೂಜಾಕ್ಕ ಹೋಗ್ಯಾರ. ಈಗ ಬರ್ತಾರ. ಚಾ ಇಡ್ತೀನಿ, ಕುಂಡ್ರಿ."

ಕೈ ತಾನಾಗಿ ಹೋಗಿ ಸಕ್ಕರೆ ತೆಗೆಯಿತು, ಚಹಾಪುಡಿ ತೆಗೆಯಿತು. ಪೂರ್ವದ ಕಿಟಕಿಯಿಂದ ಬಿಸಿಲು ಒಲೆಯ ಕಟ್ಟೆಯ ಮೇಲೆ ಬಿದ್ದಿತ್ತು. ಆ ಕಿಟಕಿಗಾಗಿ ಅವಳು ಗೌಂಡಿಯ ಕೂಡ ಎರಡು ದಿನ ಜಗಳಾಡಿದ್ದಳು. ಚಹಾ ಉಕ್ಕಿ ಬರುವಷ್ಟರಲ್ಲಿ ಇದು ನಾಟಕ ಎಂಬುದೇ ಅವಳಿಗೆ ಮರೆತುಹೋಯಿತು. ಇಷ್ಟು ದಿನ ಎಲ್ಲೋ ಊರಿಗೆ ಹೋಗಿದ್ದು ಇವತ್ತು ತಿರುಗಿ ಬಂದ ಹಾಗೆನಿಸಿ ಖುಷಿಯಾಯಿತು.

ಸೂರ್ಯಕಾಂತ ಒಂದು ಕಾಗದ ಮುಂದಿಟ್ಟ. ಈ ಮನೆಯಲ್ಲಿ ನಾವೇ ವಾಸವಾಗಿದ್ದೇವೆ, ಬಾಡಿಗೆಗೆ ಕೊಟ್ಟಿಲ್ಲ ಎಂದು ಅದರಲ್ಲಿತ್ತು. ಅವನು ಓದಿ ಹೇಳಿದ. ಗಿರಿಜಾಬಾಯಿ ಪೆನ್ನು ಒತ್ತಿ ಹಿಡಿದು ನಿಧಾನವಾಗಿ ಸಹಿ ಮಾಡಿದಳು.

"ಅಯ್ಯಾರದೊಂದು ಸಹಿ ಆದ್ರ ಮುಗೀತ್ರೀ. ಐದ ಮಿನಿಟ ಕಾಯ್ತೀನಿ."

ಗೇಟು ಕಿರ್ರೆಂದಿತು. ಚಿದಂಬರಯ್ಯ ಹೆಗಲಿಗೆ ಜೋಳಿಗೆ, ಕೈಯಲ್ಲಿ ತುರೋರಿಯವರು ಕೊಟ್ಟ ತೆಂಗಿನಕಾಯಿ ಹಿಡಿದು ಧಾವಂತದಲ್ಲಿ ಮೆಟ್ಟಿಲು ಹತ್ತಿದ. ಬಸ್ಸು ಕೈಕೊಟ್ಟು ಯಾರದೋ ಮೋಟರ್ ಸೈಕಲ್ಲಿನಲ್ಲಿ ಬಂದಿದ್ದ. ಬಾಗಿಲಲ್ಲಿ ಬೂಟು ಕಂಡವು. ಸಾಹೇಬರು ಬಂದುಬಿಟ್ಟಿದ್ದಾರೆ, ಸೀದಾ ಒಳಗೆ ನಡೆಯಬೇಕು ಎಂದು ಮನಸ್ಸಿಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಅದು ಹೊಸ್ತಿಲ ಮುಂದೆ ನಿಂತಿತು.

"ಶಿವ ಶಿವ," ಎಂದ ಚಿದಂಬರಯ್ಯ. ಬಲಗಾಲನ್ನು ತುಸು ಮುಂದಿಟ್ಟು ಕಾದ.

ಹಿತ್ತಲಲ್ಲಿ ಮೊರ ಕೆಳಗಿಟ್ಟ ಸದ್ದಾಯಿತು. ಮಾಣಿಕಬಾಯಿ ತುಂಬಿದ ತಂಬಿಗೆ ಹಿಡಿದು, ಅಡುಗೆಮನೆ ದಾಟಿ, ಕುರ್ಚಿಯ ಪಕ್ಕದಲ್ಲೇ ಹಾದು ಹೊಸ್ತಿಲಲ್ಲಿ ಕೂತಳು. ನೀರು ಹಾಕಿದಳು. ಎರಡೂ ಪಾದ ತಿಕ್ಕಿ ತೊಳೆದಳು. ಬೆರಳನ್ನು ಕಣ್ಣಿಗೊತ್ತಿಕೊಂಡು, "ಒಳಗ ಬರ್ರಿ ಅಯ್ಯಾರ," ಎಂದಳು. ತಿರುಗಿ ಗಿರಿಜಾಬಾಯಿಯ ಮುಖ ನೋಡಿದ ಮೇಲೆ ತಂಬಿಗೆಯನ್ನು ಬೆನ್ನ ಹಿಂದೆ ಸರಿಸಿದಳು.

ಸೂರ್ಯಕಾಂತ ಬಸಿಯ ಮೇಲೆ ಕಪ್ಪಿಟ್ಟ.

"ನಮ್ಮವ್ವನೂ ಹಿಂಗೇ ನೀರ ಹಾಕ್ತಿದ್ಳು," ಎಂದ. "ಭಕ್ತರ ಮನಿಗಿ ಅಯ್ಯಾರು ಬಂದ್ರ ಹಾಕ್ತಾರ. ತಮ್ಮ ಮನಿಗಿ ತಾವು ಬಂದವರು ಹೊಸ್ತಿಲದಾಗ ನಿಂದರಂಗಿಲ್ರೀ."

ಗಿರಿಜಾಬಾಯಿಯೇ ಮುಂದೆ ಬಂದಳು. "ಆ ಕಾಗದ ಹರ್ದ ಹಾಕ್ರಿ ಸಾಹೇಬ್ರ. ಖರೇ ಏನದ ಅದೇ ಬರ್ದ ಕೊಡ್ತೀವಿ."

"ಹರೀಲಾಕ ಬರಂಗಿಲ್ರೀ ಅಮ್ಮಾರ, ಅದಕ್ಕ ನಂಬರ್ ಬಿದ್ದದ. ಮೊದಲೇ ಬಂದು ಒಂದು ಅರ್ಜಿ ಕೊಟ್ಟಿದ್ರ ಸಾಕಿತ್ತಲ್ರೀ. ಬಡ್ಡಿ ಸ್ವಲ್ಪ ಏರ್ತಿತ್ತು, ಮನಿ ಉಳೀತಿತ್ತು. ಈಗ ಸುಳ್ಳಿಗಿ ಸಹಿ ಆಗ್ಯಾದ. ನಾ ಕಣ್ಣ ಮುಚ್ಚಿದ್ರ ನನ್ನ ನೌಕರಿ ಹೋಗ್ತದ. ನನಗೂ ಇಬ್ಬರು ಮಕ್ಕಳವ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಕೈಕಾಲು ಹಿಡಿಯಬಹುದಿತ್ತು.

ಹೋಗುವಾಗ ಪದ್ಧತಿ ಬಿಡದೆ ಹೊಸ್ತಿಲಲ್ಲಿ ಬಗ್ಗಿ ಆ ಒದ್ದೆ ಪಾದಗಳನ್ನು ಮುಟ್ಟಿದ. ಚಿದಂಬರಯ್ಯ ಆಶೀರ್ವಾದಕ್ಕೆ ಕೈಯೆತ್ತಿದ.

ಹೆಂಡತಿಯ ಫೋನು ಹೋಗಿ ಜಗದೇವಪ್ಪ ಅರ್ಧ ಗಂಟೆಯಲ್ಲಿ ಬಂದ. ಅಂಗಿಯ ಮೇಲೆ ತೊಗರಿಯ ಧೂಳು ಹಾಗೇ ಇತ್ತು. ಚಿದಂಬರಯ್ಯ ಇನ್ನೂ ಒಳಗೆ ಬಂದಿರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕಾಯಿಯನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದ. ಜಗದೇವಪ್ಪ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು ಎಲ್ಲ ಕೇಳಿದ. ಲೊಚಗುಟ್ಟಿದ. ಅವನಿಗೆ ನಿಜವಾಗಿಯೂ ಕೆಡುಕೆನಿಸಿತ್ತು.

"ಹೊಂದಿಸಿ ಕಟ್ಟಾಕ ಆದ್ರ ಛಲೋನೇ ಆಯ್ತು ಅಯ್ಯಾರ. ಇಲ್ಲಂದ್ರ…" ಅವನು ಕೈ ಜೋಡಿಸಿದ. "ಮನಿ ಹೊರಗಿನವರ ಕೈಯಾಗ ಹೋಗಬಾರದ್ರೀ. ಬ್ಯಾಂಕಿನವರು ಹರಾಜಿಗಿ ಹಚ್ಚೂಕಿಂತ ಮೊದಲು ನನಗೊಂದು ಮಾತು ಹೇಳ್ರಿ, ನಾ ತಗೋತೀನಿ. ನಿಮ್ಮ ಪಾದ ಈ ಮನಿಗಿ ಹಿಂಗೇ ಬರ್ತಿರಬೇಕು. ನೀರ ಹಾಕೂದು ಮಾಣಿಕಿ ಒಂದು ದಿನಾ ತಪ್ಪಸಂಗಿಲ್ಲ."

ಚಿದಂಬರಯ್ಯ ತಲೆಯಾಡಿಸಿದ. ಒಪ್ಪಿದ್ದೋ ಕೇಳಿಸಿದ್ದಷ್ಟೋ ತಿಳಿಯಲಿಲ್ಲ. ಒಳಗೆ ಗಿರಿಜಾಬಾಯಿಗೆ ಎಲ್ಲ ಕೇಳಿಸಿತ್ತು. ಗಂಡನ ಮೇಲೆ ಹರಿಹಾಯಬೇಕೆಂದು ಬೆಳಗಿನಿಂದ ಅಲ್ಲ, ಹದಿನಾಲ್ಕು ತಿಂಗಳಿಂದ ಕಾದಿಟ್ಟ ಮಾತುಗಳಿದ್ದವು. ಅವನ ಬೆನ್ನು ಬಾಗಿಲಿನಿಂದ ಕಾಣುತ್ತಿತ್ತು, ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅವನನ್ನು ನೋಡಿ ಅವಳಿಗೆ ಅಳು ಬಂತು.

ಅವಳು ಚಹಾದ ಕಪ್ಪು ತೊಳೆದಳು. ಆಮೇಲೆ ಸಾಸಿವೆ ಜೀರಿಗೆಯ ಡಬ್ಬಿಗಳನ್ನು ಕಿಟಕಿಯಿಂದ ತೆಗೆದು ಕೆಳಗಿನ ಕಪಾಟಿಗೆ ಇಟ್ಟಳು. ಉಪ್ಪಿನ ಭರಣಿಯನ್ನು ಬಲಕ್ಕೆ ಸರಿಸಿದಳು. ಚಹಾಪುಡಿ ಕೆಳಗಿಳಿಯಿತು.

"ಇರ್ಲಿ ಬಿಡ್ರೀ ಅಮ್ಮಾರ," ಎಂದಳು ಮಾಣಿಕಬಾಯಿ. ಅತ್ತತ್ತು ಅವಳ ಮೂಗು ಕೆಂಪಾಗಿತ್ತು. "ನಾ ಆಮ್ಯಾಲ ಇಟ್ಕೋತೀನಿ."

ಗಿರಿಜಾಬಾಯಿ ಕೈ ನಿಲ್ಲಿಸಲಿಲ್ಲ. ಕೊನೆಗೆ ಸಕ್ಕರೆ ಡಬ್ಬಿ ಉಳಿಯಿತು. ಸೆರಗಿನಿಂದ ಅದರ ಮುಚ್ಚಳ ಒರೆಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಸುತ್ತಲೂ ಒಮ್ಮೆ ನೋಡಿದಳು.

"ಇದನ್ನ ಎಲ್ಲಿಡ್ತಿದ್ದೆವ್ವ ನೀ?"

ಮಾಣಿಕಬಾಯಿ ಫ್ರಿಜ್ಜಿನ ಪಕ್ಕದ ಹಲಗೆಯ ಕಡೆಗೆ ಬೆರಳು ತೋರಿಸಿದಳು.