ಒಂದು ಗೇಣು ಹುರಿ

ಸ್ಪ್ಯಾನರ್ ಹಾರಿಹೋಗಿ ಎದುರುಗೋಡೆಗೆ ಬಡಿದು, ಅಂಗೈಯಗಲ ಗಾರೆ ಕಿತ್ತುಕೊಂಡು ಕೆಳಗೆ ಬಿತ್ತು. ಅದರಿಂದ ನಾನು ಕೈ ತೆಗೆದು ಒಂದು ಉಸಿರಿನಷ್ಟು ಹೊತ್ತೂ ಆಗಿರಲಿಲ್ಲ. ಮೇಜಿನ ಮೇಲೆ ಅಡ್ಡ ಮಲಗಿಸಿದ್ದ ರೂಟರ್ ಮಷೀನು ಕಿರುಚುತ್ತಾ ಹೊರಳಿ, ಮುಗಿಯುತ್ತಾ ಬಂದಿದ್ದ ಬೀರುವಿನ ಬಾಗಿಲನ್ನು ಕೊರೆಯತೊಡಗಿತು. ನನ್ನ ಗಂಡ ಓಡಿಬಂದು ಗೋಡೆಯ ಬುಡದಲ್ಲಿದ್ದ ಪ್ಲಗ್ ಕಿತ್ತ. ಸದ್ದು ನಿಂತಿತು.

ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವನು ಹೇಳಿದ್ದು ಇಷ್ಟು: "ಸದ್ಯ, ಏನೂ ಆಗ್ಲಿಲ್ವಲ್ಲ. ಬಿಡು."

ಬಿಡು! ಮೈಯೆಲ್ಲ ಉರಿದುಹೋಯಿತು. ಈ ಬೀದಿಯಲ್ಲಿ ಬೆನ್ನ ಹಿಂದೆ ನನ್ನನ್ನು ಗರಗಸ ಎನ್ನುತ್ತಾರೆಂದು ನನಗೆ ಗೊತ್ತು. ಅನ್ನಲಿ. ಆವತ್ತು ನನ್ನ ಗಂಟಲಿಂದ ಬಂದ ಧ್ವನಿಗೆ ಪಕ್ಕದ ಟೈಲರ್ ಮಷೀನು ನಿಲ್ಲಿಸಿ ಬಾಗಿಲಿಗೆ ಬಂದು ಇಣುಕಿದ.

"ಸ್ಪ್ಯಾನರ್ ಹುರಿ ಬಿಚ್ಚಿದ್ದು ಯಾರು?"

ಹುರಿಯ ವಿಷಯ ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ರೂಟರ್ ಎಂದರೆ ಮನೆಯಲ್ಲಿ ಇಂಟರ್ನೆಟ್ಟಿಗೆ ಇಟ್ಟುಕೊಳ್ಳುವ ಡಬ್ಬಿಯಲ್ಲ. ಮರದ ಅಂಚನ್ನು ಕೊರೆದು ಗೀರು, ಬಳುಕು ತೆಗೆಯುವ ಮಷೀನು. ತುದಿಯಲ್ಲೊಂದು ಹರಿತವಾದ ಬಿಟ್ ಇರುತ್ತದೆ. ಬಿಟ್ ಬದಲಿಸಬೇಕಾದರೆ ಅದನ್ನು ಹಿಡಿದಿರುವ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಬೇಕು, ಅಂದರೆ ಬೆರಳುಗಳನ್ನು ಅದರ ಬಾಯಿಗೇ ಇಡಬೇಕು. ಪ್ಲಗ್ ಕೀಳದೆ ಆ ಕೆಲಸಕ್ಕೆ ಕೈ ಹಾಕಿದವನು ಪೆದ್ದ. ಆದರೆ ಅವಸರದಲ್ಲಿ ಎಲ್ಲರೂ ಪೆದ್ದರೇ. ಅದಕ್ಕೇ ನನ್ನ ಮಾವ, ಈ ಅಂಗಡಿ ಕಟ್ಟಿದ ಹಿರಿಯ ಬಡಗಿ, ಒಂದು ಉಪಾಯ ಮಾಡಿದ್ದರು. ಸ್ಪ್ಯಾನರನ್ನು ಒಂದು ಗೇಣು ನೈಲಾನ್ ಹುರಿಯಿಂದ ಪ್ಲಗ್ಗಿಗೇ ಕಟ್ಟಿಬಿಟ್ಟಿದ್ದರು. ಪ್ಲಗ್ ಕಿತ್ತು ಮೇಜಿಗೆ ತಂದರೆ ಮಾತ್ರ ಸ್ಪ್ಯಾನರ್ ನಟ್ಟಿಗೆ ಮುಟ್ಟುತ್ತಿತ್ತು. ನಾನು ಸೊಸೆಯಾಗಿ ಬಂದು ಈ ಕೆಲಸಕ್ಕೆ ನಿಂತ ಮೊದಲ ದಿನ ಅವರು ಹೇಳಿಕೊಟ್ಟದ್ದು ಅದನ್ನೇ. "ನಿನ್ನ ನೆನಪನ್ನ ನಂಬಬೇಡ ಕಣಮ್ಮ. ಹುರೀನ ನಂಬು."

ನಂಬಿದೆ. ಎಷ್ಟು ನಂಬಿದೆನೆಂದರೆ, ಸ್ಪ್ಯಾನರ್ ಕೈಗೆ ಸಿಕ್ಕಿತೆಂದರೆ ಪ್ಲಗ್ ಹೊರಗಿದೆ ಎಂದೇ ನನ್ನ ಕೈಯ ಲೆಕ್ಕ. ತಲೆಯನ್ನು ಕೇಳುವ ಗೋಜೇ ಇರಲಿಲ್ಲ. ಆವತ್ತು ಕರೆಂಟು ಹೋಗಿತ್ತು. ಊಟ ಮುಗಿಸಿ ಬಂದೆ, ಮಷೀನಿನ ಪಕ್ಕದಲ್ಲೇ ಸ್ಪ್ಯಾನರ್ ಇತ್ತು, ತೆಗೆದು ನಟ್ಟಿಗೆ ಸಿಕ್ಕಿಸಿದೆ. ಹೊಸ ಬಿಟ್ ತೆಗೆದುಕೊಳ್ಳಲೆಂದು ಡಬ್ಬಿಯ ಕಡೆ ತಿರುಗಿದೆ. ಕರೆಂಟು ಬಂತು. ಯಾರೋ ಮಷೀನಿನ ಸ್ವಿಚ್ಚನ್ನೂ ಆರಿಸದೆ ಬಿಟ್ಟಿದ್ದರು.

"ನಾನಲ್ಲ," ಎಂದ ನನ್ನ ಗಂಡ.

"ನೀವಲ್ಲದೆ ಇನ್ಯಾರ್ರೀ? ಗೋಡೆ ಮೇಲಿರೋ ಹಲ್ಲೀನಾ?"

"ನಾನು ಬೆಳಗಿಂದ ಪಾಲಿಶ್ ಹಾಕ್ತಿದೀನಿ ಮಾರಾಯ್ತಿ, ಕೈ ನೋಡು!"

"ಕೈ ತೋರಿಸ್ಬೇಡಿ ನನಗೆ. ಹತ್ತು ಬೆರಳೂ ನೆಟ್ಟಗಿದಾವಲ್ಲ, ಅದಕ್ಕೇ ಈ ಮಾತು. ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ? ನಿಮ್ಮಪ್ಪ ಕಟ್ಟಿದ್ದನ್ನ ನೀವು ಬಿಚ್ಚೋದಾ?"

ಹಿಗ್ಗಾಮುಗ್ಗಾ ಬೈದೆ. ಅವನು ಎಂದೋ ಮರೆತ ಗ್ಯಾಸ್ ಸಿಲಿಂಡರಿನಿಂದ ಹಿಡಿದು ಅವನಕ್ಕನ ಮದುವೆಯಲ್ಲಿ ಕಳೆದ ಕೊಡೆಯವರೆಗೆ ಎಲ್ಲವನ್ನೂ ಎಳೆದು ತಂದೆ. ಅವನು ಮೊದಲು ವಾದಿಸಿದ, ಆಮೇಲೆ ಪಾಲಿಶ್ ಬಟ್ಟೆ ಎತ್ತಿಕೊಂಡ. ಬಾಗಿಲ ಬಳಿ ಗಾಳಿಗೆಂದು ಸ್ಟೂಲು ಹಾಕಿಕೊಂಡು ಕೂತಿದ್ದ ಮಾವ ಇಷ್ಟೂ ಹೊತ್ತು ತುಟಿ ಪಿಟಕ್ಕೆನ್ನಲಿಲ್ಲ. ಬೀದಿಯನ್ನೇ ನೋಡುತ್ತಿದ್ದರು.

ಪ್ಲಗ್ಗನ್ನು ಎತ್ತಿಕೊಂಡೆ. ಹುರಿ ಇನ್ನೂ ಅದಕ್ಕೇ ನೇತಾಡುತ್ತಿತ್ತು. ಬಿಚ್ಚಿದ್ದಲ್ಲ, ಕತ್ತರಿಸಿದ್ದು. ಒಂದು ಎಳೆಯೂ ಬಿಚ್ಚಿಕೊಳ್ಳದಂತೆ, ಬೆಣ್ಣೆ ಕೊಯ್ದಷ್ಟು ನುಣುಪಾಗಿ. ನನ್ನ ಗಂಡನಾಗಿದ್ದರೆ ಹಲ್ಲಲ್ಲಿ ಕಚ್ಚಿ ಎಳೆದು ಗಬ್ಬೆಬ್ಬಿಸಿರುತ್ತಿದ್ದ. ಅಂಗಡಿಯಲ್ಲಿ ಅಷ್ಟು ಹರಿತವಾದ ಉಳಿ ಒಂದೇ ಒಂದು. ಅದನ್ನು ಮಾವ ಬಿಟ್ಟರೆ ಬೇರೆ ಯಾರೂ ಮುಟ್ಟುವಂತಿಲ್ಲ.

ನಾನು ಹುರಿ ಬಿಚ್ಚಿಕೊಂಡು ಅವರ ಮುಂದೆ ಹೋಗಿ ನಿಂತೆ.

"ಮಾವ."

"ನಾನೇ ಕತ್ತರಿಸಿದ್ದು," ಎಂದರು, ಬೀದಿ ನೋಡುತ್ತಲೇ.

ಹಿರಿಯರನ್ನು ಬೈಯುವ ಕಷ್ಟ ಬೈದವರಿಗೇ ಗೊತ್ತು. ಪಿತ್ತ ನೆತ್ತಿಗೇರಿದ್ದರೂ ನಾಲಿಗೆ 'ನೀವು' ಬಿಡುವಂತಿಲ್ಲ. "ನೀವು? ನಿಮ್ಮ ಮಗ ಇಷ್ಟೊತ್ತು ನನ್ನ ಕೈಲಿ ಉಗಿಸ್ಕೊಳ್ತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ, ನೀವು?"

"ಬಗ್ಗೋಕಾಗಲ್ಲ ಕಣಮ್ಮ." ಮೊಣಕಾಲಿನ ಮೇಲೆ ಕೈ ಇಟ್ಟರು. "ಪ್ಲಗ್ ನೆಲದ ಹತ್ರ ಇದೆ. ಒಂದೊಂದು ಬಿಟ್ಟಿಗೂ ಬಗ್ಗಬೇಕು. ಬಗ್ಗಿದ್ರೆ ಏಳೋಕೆ ಏನಾದ್ರೂ ಹಿಡ್ಕೋಬೇಕು. ಇಷ್ಟು ದಿನ ನೀವಿಬ್ರೂ ಇಲ್ದಾಗ ಬಗ್ಗತಿದ್ದೆ. ಇವತ್ತು ಪ್ಲಗ್ ಹಾಕೋಕೆ ಬಗ್ಗಿದಾಗ ಇನ್ನೊಂದು ಸಲ ಆಗಲ್ಲ ಅನ್ನಿಸ್ತು, ಕತ್ತರಿಸಿಬಿಟ್ಟೆ. ಆಮೇಲೆ ಕರೆಂಟು ಹೋಯ್ತು, ಎದ್ದು ಬಂದೆ. ಸ್ವಿಚ್ಚು ಮರೆತೆ."

"ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಮನೇಲಿ ಕೂತ್ಕೊಳ್ಳಿ ಅಂತೀರಿ."

ಅಯ್ಯೋ ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ಸಿಟ್ಟು ದುಪ್ಪಟ್ಟಾಯಿತು. ಮರ್ಯಾದೆ ಅವರದ್ದು, ಬೆರಳು ನನ್ನದು. ಹುರಿಯೇ ಇಲ್ಲದ ಅಂಗಡಿಯಾಗಿದ್ದರೆ ನಾನು ನಟ್ಟು ಮುಟ್ಟುವ ಮೊದಲು ಪ್ಲಗ್ ನೋಡುತ್ತಿದ್ದೆ. ನಂಬಲು ಕಲಿಸಿದವರೇ ಹೇಳದೆ ಕೇಳದೆ ಅದನ್ನು ಕೊಯ್ದಿದ್ದರು.

"ಪ್ಲಗ್ಗಿನ ಬೋರ್ಡು ಕಿತ್ತು ಮೇಲೆ ಹಾಕಿ," ಎಂದೆ ಗಂಡನಿಗೆ. "ಈಗಲೇ. ಅವರ ಸೊಂಟದ ಎತ್ತರಕ್ಕೆ."

ಒಂದು ಟೀ ಕುಡಿಯುವಷ್ಟರಲ್ಲಿ ಆ ಕೆಲಸ ಮುಗಿಯಿತು. ಅಷ್ಟೇ ಆಗಿತ್ತು ಬೇಕಾದದ್ದು.

ಮಾವ ತಾವೇ ಹೊಸ ಹುರಿ ತಂದು ಕಟ್ಟಿದರು. ಅಷ್ಟಕ್ಕೆ ನಾನು ಬಿಡಲಿಲ್ಲ. "ಮೊದಲಿಂದ ಮಾಡಿ ತೋರಿಸಿ ಮಾವ. ನನಗೆ ತೋರಿಸಿದ ಹಾಗೆ." ನನ್ನ ಗಂಡ ಕಣ್ಣಲ್ಲೇ ಬೇಡವೆಂದ. ನಾನು ಕೈಕಟ್ಟಿಕೊಂಡು ನಿಂತೆ.

ಅವರು ಮಾಡಿದರು. ಪ್ಲಗ್ ಕಿತ್ತು ಮೇಜಿನ ಮೇಲಿಟ್ಟರು. ಹಳೆಯ ಬಿಟ್ ತೆಗೆದು, ನಟ್ಟಿನೊಳಗೆ ತುಂಬಿದ್ದ ಮರದ ಪುಡಿಯನ್ನು ಊದಿದರು. ಹೊಸ ಬಿಟ್ಟನ್ನು ತಳ ಮುಟ್ಟುವವರೆಗೆ ಇಳಿಸಿ, ಅಕ್ಕಿಕಾಳಿನಷ್ಟು ಮೇಲೆತ್ತಿ ಬಿಗಿಮಾಡಿದರು. ಬಿಟ್ ಒಂದೇ ಸಲಕ್ಕೆ ಆಳ ಕೊರೆಯದಂತೆ ಸ್ವಲ್ಪವೇ ಹೊರಗೆ ಬರುವ ಹಾಗೆ ಅಳತೆ ಕೂರಿಸಿದರು. ಆ ಕೈಗಳಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಕೈಗೆ ಏನೂ ಆಗಿಲ್ಲ, ಕಾಲಿಗೆ ಆಗಿರುವುದು ಎಂದು ನನಗೂ ಕಾಣುತ್ತಿತ್ತು. ಪರೀಕ್ಷೆಗೆಂದು ಒಂದು ರದ್ದಿ ಹಲಗೆ ಎಳೆದುಕೊಂಡು ಪ್ಲಗ್ ಕೈಗೆತ್ತಿಕೊಂಡರು.

"ಸ್ವಿಚ್ಚು, ಮಾವ?"

ಅವರ ಕೈ ಅಲ್ಲೇ ನಿಂತಿತು. ಪ್ಲಗ್ ಕೆಳಗಿಟ್ಟು ಮಷೀನಿನ ಸ್ವಿಚ್ಚು ನೋಡಿದರು. ಆರಿಯೇ ಇತ್ತು. ಆದರೆ ನೋಡಿರಲಿಲ್ಲ.

"ಮಷೀನು ಮುಟ್ಟಬೇಡ ಅಂತೀಯಾ?" ಎಂದರು. ಧ್ವನಿ ಸಣ್ಣದಾಗಿತ್ತು.

"ಅನ್ನಲ್ಲ," ಎಂದೆ. "ಆದ್ರೆ ಇನ್ನೊಂದು ಸಲ ಹೀಗೆ ಮುಚ್ಚಿಟ್ರೆ ಅಂತೀನಿ."

ಈಗ ಬೋರ್ಡು ಸೊಂಟದೆತ್ತರದಲ್ಲಿದೆ. ಮಾವ ದಿನಾ ಬರುತ್ತಾರೆ, ಮೊದಲಿನಷ್ಟೇ ನಯವಾಗಿ ಅಂಚು ತೆಗೆಯುತ್ತಾರೆ. ಹುರಿ ಒಂದು ಗೇಣು, ಅದೇ ಗಂಟು. ಆದರೆ ನಾನು ಸ್ಪ್ಯಾನರ್ ಹಿಡಿದಾಗಲೆಲ್ಲ ಹುರಿಯನ್ನೊಮ್ಮೆ ಜಗ್ಗುತ್ತೇನೆ, ಆಮೇಲೆ ಪ್ಲಗ್ಗನ್ನು ಕಣ್ಣಾರೆ ನೋಡುತ್ತೇನೆ. ಮೊದಲು ನೋಡುತ್ತಿರಲಿಲ್ಲ. ಅವರು ಕಟ್ಟಿದ್ದು ಎಂಬುದೇ ಸಾಕಾಗಿತ್ತು. ನಾನು ಹಾಗೆ ಜಗ್ಗುವುದನ್ನು ಅವರು ತಮ್ಮ ಜಾಗದಿಂದ ಪ್ರತಿ ಸಲವೂ ನೋಡುತ್ತಾರೆ.

ನೋಡಲಿ.