ಗಂಡು ಹೂವು ಮಾತ್ರ

ಕಾಪುವಿನ ಕುಶಲಾ ನಿವೃತ್ತರಾಗಿ ವರ್ಷಗಳೇ ಆದರೂ ಅಕ್ಕಪಕ್ಕದವರಿಗೆಲ್ಲ ಇನ್ನೂ ಟೀಚರೇ. ಕಾರ್ಕಳದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರಲ್ಲವೇ, ಬಸಳೆಗೆ ಹುಳ ಬಿದ್ದರೂ ಜನ ಅವರನ್ನೇ ಕೇಳುವುದು. ಆ ಬೆಳಿಗ್ಗೆ ಪಕ್ಕದ ಮನೆಯ ಸೌದಾ ಕಂಪೌಂಡಿನ ಆಚೆಯಿಂದ ಅಂಗೈ ಚಾಚಿದಳು. ಅದರಲ್ಲಿ ಹೆಬ್ಬೆರಳು ಗಾತ್ರದ ಕುಂಬಳದ ಮಿಡಿಗಳಿದ್ದವು. ಎಲ್ಲವೂ ಹಳದಿಗಟ್ಟಿ, ತುದಿ ಕೊಳೆತಿದ್ದವು.

"ಎಂತ ರೋಗ ಟೀಚರ್ ಇದು? ಹೂವು ಬೇಕಾದಷ್ಟು ಆಗ್ತದೆ. ಒಂದು ಕಾಯಿಯೂ ನಿಲ್ಲುವುದಿಲ್ಲ."

"ರೋಗ ಅಲ್ಲ ಮಾರಾಯ್ತಿ." ಕುಶಲಾ ಪಾಠದ ದನಿ ತೆಗೆದರು. "ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಕೆಳಗೆ ಸಣ್ಣ ಕಾಯಿಯ ಹಾಗೆ ಉಂಟಲ್ಲ, ಅದೇ ಅಂಡಾಶಯ. ಬೆಳಿಗ್ಗೆ ಜೇನುನೊಣ ಗಂಡು ಹೂವಿನಲ್ಲಿ ಕೂತು, ಮೈಗೆ ಪರಾಗ ಅಂಟಿಸಿಕೊಂಡು ಹೆಣ್ಣು ಹೂವಿಗೆ ಬರಬೇಕು. ಆ ಪರಾಗ ಮುಟ್ಟದಿದ್ದರೆ ಮಿಡಿ..."

ಮಾತು ಅಲ್ಲೇ ನಿಂತಿತು.

ಒಳಗೆ ಅಡುಗೆಮನೆಯಲ್ಲಿ, ಕಡ್ಲೆಹಿಟ್ಟಿನ ಡಬ್ಬಿಯ ಪಕ್ಕದ ತಟ್ಟೆಯಲ್ಲಿ ಆ ಬೆಳಗಿನ ಗಂಡು ಹೂವುಗಳಿದ್ದವು. ಬಳ್ಳಿ ಕಂಪೌಂಡು ಹತ್ತಿ ಈಚೆ ಇಳಿದಾಗ, "ಪೋಡಿ ಕರಿಯಲಿಕ್ಕೆ ಬೇಕಾದರೆ ಹೂವು ಕೊಯ್ಯಿರಿ ಟೀಚರ್" ಎಂದವಳು ಸೌದಾಳೇ. "ಗಂಡು ಹೂವು ಮಾತ್ರ ಕೊಯ್ತೇನೆ. ನಿನ್ನ ಕಾಯಿಗೆ ಏನೂ ಆಗುವುದಿಲ್ಲ" ಎಂದು ಇವರು ಕಲಿತವರ ಗತ್ತಿನಿಂದ ಹೇಳಿದ್ದರು. ಕಡ್ಲೆಹಿಟ್ಟಿನಲ್ಲಿ ಅದ್ದಿ ಕರಿದ ಆ ಪೋಡಿಯ ರುಚಿ ಗಂಡ ಭುಜಂಗರಿಗೆ ಹತ್ತಿತು. ಅಂದಿನಿಂದ ದಿನವೂ ಸೂರ್ಯ ಏಳುವ ಮೊದಲೇ, ಜೇನು ಬರುವ ಮೊದಲೇ, ಅರಳಿದ ಗಂಡು ಹೂವನ್ನೆಲ್ಲ ಒಂದೂ ಬಿಡದೆ ಕೊಯ್ದಿದ್ದರು. ಕಂಪೌಂಡಿನ ಆಚೆಗೂ ಕೈ ಹೋಗುತ್ತಿತ್ತು. ಹೆಣ್ಣು ಹೂವನ್ನು ಮಾತ್ರ ಬೆರಳಲ್ಲೂ ಮುಟ್ಟಿರಲಿಲ್ಲ.

"ಮಿಡಿ ಎಂತ ಆಗ್ತದೆ ಟೀಚರ್?"

"ನೀರು ಜಾಸ್ತಿ ಆಗಿರಬೇಕು" ಎಂದರು ಕುಶಲಾ. "ಸ್ವಲ್ಪ ಕಡಿಮೆ ಮಾಡಿ ನೋಡು."

"ಅಡುಗೆಯ ಹೊತ್ತಿಗೆ ನಿಮಗೆ ತೊಂದರೆ ಕೊಟ್ಟೆ" ಎಂದು ಹೇಳಿಯೇ ಸೌದಾ ಹೋದಳು.

ಅಂದು ಕುಶಲಾ ಪೋಡಿ ಕರಿದರು, ತಿನ್ನಲಿಲ್ಲ.

"ನಿನಗೆ ಬೇಡವಾ?" ಭುಜಂಗರು ಕೇಳಿದರು.

"ಹೊಟ್ಟೆ ಸರಿ ಇಲ್ಲ."

"ಒಳ್ಳೆಯದಾಯಿತು" ಎಂದು ಅವರು ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು.

ಮರುದಿನದಿಂದ ಕುಶಲಾ ಹೂವಿನ ತಂಟೆಗೆ ಹೋಗಲಿಲ್ಲ. ಇನ್ನು ಕಾಯಿ ತಾನಾಗಿ ನಿಲ್ಲುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡರು. ಆದರೆ ಸೌದಾ ಟೀಚರರ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ನೀರು ಕಡಿಮೆಯಾಗಿ ಬಳ್ಳಿಯ ಎಲೆಗಳು ಬಿಸಿಲಿಗೆ ಜೋತುಬಿದ್ದವು. ಒಂದು ಬೆಳಿಗ್ಗೆ ಅವಳ ಅತ್ತೆ ಬೀಪಾತುಮ್ಮನ ದನಿ ಕೇಳಿಸಿತು. ಬ್ಯಾರಿ ಭಾಷೆ ಕುಶಲಾರಿಗೆ ಅರ್ಥವಾಗುತ್ತಿತ್ತು.

"ನಿನಗೆ ಕೈಗುಣ ಇಲ್ಲ ಅಂತ ನಾನು ಮೊದಲೇ ಹೇಳಲಿಲ್ಲವಾ? ಹೋದ ಸಲ ಅಲಸಂಡೆ ಒಣಗಿತು, ಈಗ ಇದು. ಕಿತ್ತು ಬಿಸಾಡು. ಇನ್ನು ಈ ಅಂಗಳದಲ್ಲಿ ನೀನು ಏನೂ ನೆಡುವುದು ಬೇಡ."

"ಕತ್ತಿ ಎಲ್ಲಿಟ್ಟಿದ್ದೀರಿ ಮಾಮಿ?" ಎಂದಷ್ಟೇ ಕೇಳಿದಳು ಸೌದಾ.

ಕುಶಲಾ ಚಪ್ಪಲಿಯನ್ನೂ ಮೆಟ್ಟದೆ ಆಚೆ ಮನೆಯ ಗೇಟು ದಾಟಿದರು. ಸೌದಾ ಬಳ್ಳಿಯ ಬುಡದಲ್ಲಿ ಕತ್ತಿ ಹಿಡಿದು ಕೂತಿದ್ದಳು.

"ಕಡಿಯಬೇಡ" ಎಂದರು. ಬಳಿಕ ಬೀಪಾತುಮ್ಮನ ಕಡೆ ತಿರುಗಿದರು. "ಅವಳ ಕೈಯಲ್ಲಿ ಏನೂ ತಪ್ಪಿಲ್ಲ. ಗಂಡು ಹೂವನ್ನೆಲ್ಲ ನಾನು ಕೊಯ್ದು ತಿಂದೆ. ಅದಿಲ್ಲದೆ ಕಾಯಿ ನಿಲ್ಲುವುದು ಹೇಗೆ? ನೀರು ಕಡಿಮೆ ಮಾಡು ಎಂದದ್ದೂ ನಾನೇ. ಅದು ಸುಳ್ಳು."

ಸೌದಾ ನಿಧಾನಕ್ಕೆ ಎದ್ದು ನಿಂತಳು. "ಆವತ್ತು ನಾನು ಕೇಳಿದಾಗಲೇ ನಿಮಗೆ ಗೊತ್ತಿತ್ತಾ ಟೀಚರ್?"

ಆಮೇಲೆ ಹೊಳೆಯಿತು ಎನ್ನಬಹುದಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು.

"ಗೊತ್ತಿತ್ತು" ಎಂದರು ಕುಶಲಾ. ಎಷ್ಟೋ ಮಕ್ಕಳನ್ನು ಸುಳ್ಳಿಗಾಗಿ ಬೆಂಚಿನ ಮೇಲೆ ನಿಲ್ಲಿಸಿದವರಿಗೆ ಈಗ ನೆಲದ ಮೇಲೆ ನಿಲ್ಲುವುದೇ ಕಷ್ಟವಾಯಿತು.

ಬೀಪಾತುಮ್ಮ ಇಬ್ಬರನ್ನೂ ನೋಡಿದರು. "ಅಷ್ಟೂ ಹೂವಿನ ಪೋಡಿ ಮಾಡಿದಿರಾ?"

"ಹೌದು."

"ನಮಗೂ ನಾಲ್ಕು ಕಳಿಸಬಹುದಿತ್ತಲ್ಲ." ಹಾಗೆಂದು, ಸೊಸೆಯ ಕೈಯಿಂದ ಮೆಲ್ಲನೆ ಕತ್ತಿ ತೆಗೆದುಕೊಂಡು ನೀರು ತರಲು ಬಾವಿಕಟ್ಟೆಗೆ ಹೋದರು.

ಬಳ್ಳಿಯಲ್ಲಿ ಒಂದು ಹೆಣ್ಣು ಹೂವು ಆಗಷ್ಟೇ ಅರಳಿತ್ತು. ಕುಶಲಾ ಒಂದು ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹಳದಿ ಹುಡಿ ಮೆತ್ತಿದ ನಡುವಿನ ದಂಟನ್ನು ಸೌದಾಳತ್ತ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ.

"ನೀವೇ ಮಾಡಿ. ನನ್ನ ಕೈ..."

"ನಿನ್ನ ಕೈಯಿಂದಲೇ ಆಗಬೇಕು."

ಸೌದಾ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು. ಆಮೇಲೆ ದಂಟನ್ನು ತೆಗೆದುಕೊಂಡು ಬಾಗಿ, ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಮೆತ್ತಗೆ ಹೆಣ್ಣು ಹೂವಿನ ನಡುವೆ ಸವರಿದಳು. ಹುಡಿ ಅಂಟಿತು. ಕಾಯಿ ನಿಲ್ಲುತ್ತದೋ ಇಲ್ಲವೋ ಇನ್ನು ಕಾದು ನೋಡಬೇಕು.

"ಚಾ ಕುಡಿದು ಹೋಗಿ ಟೀಚರ್" ಎಂದಳು, ಮುಖ ನೋಡದೆ. "ಪೋಡಿ ಇಲ್ಲ. ಬಿಸ್ಕಿಟ್ ಉಂಟು."

ಬೈದಿದ್ದರೆ ಸುಲಭವಾಗುತ್ತಿತ್ತು. ಕುಶಲಾ ಜಗಲಿಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತು ಬಿಸ್ಕಿಟನ್ನು ಚಾದಲ್ಲಿ ಅದ್ದಿದರು. ಬಾಯಿಗಿಡಲು ತಡವಾಗಿ ಅದು ಮುರಿದು ಲೋಟದ ತಳಕ್ಕಿಳಿಯಿತು. ಸೌದಾ ಒಳಗಿನಿಂದ ಒಂದು ಚಮಚ ತಂದು ಪಕ್ಕದಲ್ಲಿಟ್ಟಳು.