ಗಂಡಸರ ಸಾಲಿನ ಕಲ್ಲು

ವಂಶವೃಕ್ಷದ ಕಾಗದದ ಮೇಲೆ ಗ್ರಾಮಲೆಕ್ಕಿಗ ಪಂಚಾಕ್ಷರಪ್ಪ ಎಳೆದ ಗೆರೆ ಮುತ್ತಜ್ಜ ಪಾಲಯ್ಯನ ಹೆಸರಿನಿಂದ ಹೊರಟು ಅರ್ಧಕ್ಕೇ ನಿಂತಿತ್ತು. ಕೆಳಗೆ ಒಂದಿಷ್ಟು ಜಾಗ ಬಿಟ್ಟು ಹುಲುಗಣ್ಣನ ಹೆಸರು. ಅವನ ಕೆಳಗೆ ಮಕ್ಕಳು ಕನಕಮ್ಮ, ಓಬಳೇಶ. ನಡುವಿನ ಜಾಗ ಖಾಲಿ.

"ಅಲ್ಲಿ ನಮ್ಮಜ್ಜಿ ಬರಬೇಕ್ರಿ. ಗಾಳೆಮ್ಮ" ಎಂದಳು ಕನಕಮ್ಮ.

"ಬರಿಯೋಣು ನರ್ಸಮ್ಮ. ಅಕಿ ಗಂಡನ ಹೆಸರು ಹೇಳ್ರಿ."

"ಗಂಡ ಇದ್ದಿಲ್ರಿ. ಬಸವಿ ಬಿಟ್ಟಿದ್ರು."

ಪಂಚಾಕ್ಷರಪ್ಪ ಪೆನ್ನಿಗೆ ಕ್ಯಾಪು ಹಾಕಿದ.

ಗಂಡುಮಕ್ಕಳಿಲ್ಲದ ಮನೆಯವರು ಒಬ್ಬ ಮಗಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದ ಕಾಲವದು. ಅವಳಿಗೆ ಮದುವೆಯಿಲ್ಲ. ಮನೆಗೆ ಅವಳೇ ಮಗ. ಅವಳಿಗೆ ಹುಟ್ಟಿದವರು ಅವಳ ಅಪ್ಪನ ಮನೆತನದವರು. ಗಾಳೆಮ್ಮನಿಗೆ ಅದು ಬೇಕಾಗಿತ್ತೇ ಎಂದು ಯಾರೂ ಕೇಳಿದಂತಿಲ್ಲ. ಅವಳ ಮಗ ಹುಲುಗಣ್ಣ ಕೊಟ್ಟೂರಿನ ಹತ್ತಿ ಮಿಲ್ಲಿನಲ್ಲಿ ಮೂಟೆ ಹೊತ್ತು ಮಗಳನ್ನು ನರ್ಸ್ ಮಾಡಿದ, ಮಗನನ್ನು ಬಸ್ ಕಂಡಕ್ಟರ್ ಮಾಡಿದ, ತೀರಿಕೊಂಡ.

ಈಗ ಎದ್ದಿದ್ದು ಕೆರೆಯ ಹಿಂದಿನ ಹೊಲದ ಪ್ರಶ್ನೆ. ಊರು ಕಾಯುವ, ಕೋಲು ಹಿಡಿದು ಸುದ್ದಿ ಮುಟ್ಟಿಸುವ ತೋಟಿ ಚಾಕರಿಗೆಂದು ಪಾಲಯ್ಯನಿಗೆ ಬಿಟ್ಟಿದ್ದ ಇನಾಮು ಅದು. ಸರಕಾರ ಹಳೆಯ ಚಾಕರಿಗಳನ್ನು ರದ್ದು ಮಾಡಿ, ಅಂಥ ಹೊಲಗಳನ್ನು ಚಾಕರಿ ಮಾಡಿದವರ ವಾರಸುದಾರರಿಗೆ ಮರಳಿ ಮಂಜೂರು ಮಾಡುತ್ತಿತ್ತು. ಪಾಲಯ್ಯನ ತಮ್ಮನ ಮೊಮ್ಮಗ ಪಕ್ಕೀರಪ್ಪನೂ ಅರ್ಜಿ ಹಾಕಿದ್ದ. ಪಾಲಯ್ಯನಿಗೆ ಗಂಡುಮಕ್ಕಳಿಲ್ಲ, ಆ ಮನೆ ಅಲ್ಲಿಗೆ ಮುಗಿಯಿತು, ಆಮೇಲೆ ತೋಟಿ ಕೆಲಸ ಮಾಡಿದ್ದು ತನ್ನ ತಾತ ಎಂಬುದು ಅವನ ವಾದ.

"ಅಕ್ಕ, ಯಾವ್ದಾರ ಒಂದು ಗಂಡಸಿನ ಹೆಸರು ಬರಸಿಬಿಡು" ಎಂದ ಓಬಳೇಶ, ಹೊರಗೆ ಬಂದ ಮೇಲೆ. "ಸತ್ತಾವ ಎದ್ದು ಬಂದು ನಾನಲ್ಲ ಅಂತಾನೇನು?"

"ಅಂವ ಬರಂಗಿಲ್ಲ. ಅಜ್ಜಿ ಎದ್ದು ಬಂದು ಇಂವ ಯಾರ್ಲೇ ಅಂದ್ರ ಏನ್ ಹೇಳ್ತಿ?"

"ಹೊಲ ಹೋಗತೈತಿ ನೋಡು."

"ಹೋದ್ರ ಖರೇ ಹೇಳಿ ಹೋಗಲಿ."

ಪಟೇಲರ ಕಾಲದ ಮರಣದ ಪುಸ್ತಕವನ್ನು ಅವಳು ಮೊದಲೇ ನೋಡಿದ್ದಳು. ಉಳಿದ ಓಣಿಗಳ ಸತ್ತವರಿಗೆ ಹೆಸರಿತ್ತು, ತಂದೆಯ ಹೆಸರಿತ್ತು. ತಮ್ಮ ಕೇರಿಯವರಿಗೆ 'ಒಂದು ಹೆಂಗಸು, ಜ್ವರ' ಎಂದಷ್ಟೇ ಇತ್ತು. ಎರಡು ದಿನ ಬದುಕಿದ ಕೂಸಿಗೂ ತಾಯಿಯನ್ನು ಕೇಳಿ ಹೆಸರು ಬರೆಯುತ್ತಿದ್ದವಳು ಕನಕಮ್ಮ.

ಗಾಳೆಮ್ಮನ ಗುರುತು ಹುಡುಕಲು ಉಳಿದದ್ದು ಕೇರಿಯ ಸುಡುಗಾಡು. ಹೆಸರಿಗೆ ಸುಡುಗಾಡು, ಹೂಳುವ ಜಾಗ. ಅಲ್ಲಿಯ ಕಲ್ಲುಗಳ ಮೇಲೆ ಅಕ್ಷರವಿಲ್ಲ, ಬರೆಯಬಲ್ಲವರು ಕೇರಿಯಲ್ಲಿರಲಿಲ್ಲ. ಆದರೆ ಜಾಗಕ್ಕೊಂದು ಕ್ರಮವಿತ್ತು. ಮೂಡಲ ಕಡೆ ಗಂಡಸರು, ಮನೆಗೊಂದು ಸಾಲು, ತಲೆಗೆ ನಿಲ್ಲಿಸಿದ ಕಲ್ಲು. ಪಡುವಣ ಕಡೆ ಹೆಂಗಸರು, ಮಲಗಿಸಿದ ಕಲ್ಲು. ನಡುವೆ ಕಾಲುದಾರಿ. ಹೆಂಗಸರು ಅದನ್ನು ದಾಟುವಂತಿರಲಿಲ್ಲ.

ಮರುದಿನ ಕನಕಮ್ಮ ತಾಯಿ ಮಾರೆಮ್ಮನನ್ನು ಕರೆದುಕೊಂಡು ಪಡುವಣ ಕಡೆಯ ಕಲ್ಲುಗಳನ್ನೆಲ್ಲ ಸುತ್ತಿದಳು. ತಮ್ಮ ಮನೆಯ ಸೊಸೆಯರದ್ದನ್ನೆಲ್ಲ ಮಾರೆಮ್ಮ ಗುರುತು ಹೇಳಿದಳು. ಗಾಳೆಮ್ಮನ ಕಲ್ಲು ಮಾತ್ರ ಇರಲಿಲ್ಲ.

"ನಾ ಈ ಮನಿಗೆ ಬರೋದ್ರಾಗ ಅಕಿ ಹೋಗಿದ್ಲವ್ವ. ನಾ ಕಂಡಿಲ್ಲ."

ದಾರಿಯಲ್ಲಿ ಹೋಗುತ್ತಿದ್ದ ಪಕ್ಕೀರಪ್ಪ ನಿಂತು ಬೀಡಿ ಹಚ್ಚಿದ. "ಸಿಕ್ಕಳೇನವ್ವ ನಿಮ್ಮಜ್ಜಿ? ಯಾವೂರಾಗ ಸತ್ತಳೋ, ಯಾವ ಹಳ್ಳದಾಗ ಹಾಕಿದ್ರೋ."

"ಹುಡುಕತೀನಿ ಕಾಕ. ನಿನಗ್ಯಾಕ ಅವಸರ?"

ಅವನು ನಗುತ್ತಾ ಹೋದ. ಕನಕಮ್ಮ ದಾರಿಯಾಚೆ ನೋಡಿದಳು. ಅಲ್ಲಿ ತಮ್ಮ ಮನೆಯ ಸಾಲು ಸುಣ್ಣ ಬಳಿದುಕೊಂಡು ನಿಂತಿತ್ತು. ತುದಿಯ ಹೊಸ ಕಲ್ಲು ಅಪ್ಪನದು.

"ಅವ್ವ, ಮಾರ್ನಮಿ ಅಮಾಸಿಗೆ ಅಪ್ಪ ಅಲ್ಲಿ ಎಷ್ಟು ಎಡಿ ಇಡತಿದ್ದ?"

"ಎರಡು. ಒಂದು ಪಾಲಯ್ಯಂದು, ಬೀಡಿ ತಂಬಾಕು ಇಟ್ಟು. ಇನ್ನೊಂದಕ್ಕ ಹಸಿರು ಬಳಿ ಇಡು ಅಂತಿದ್ದ. ನಾ ಬುಟ್ಯಾಗ ಕಟ್ಟಿ ಕೊಡತಿದ್ದೆ. ಈಗೂ ಓಬಳೇಶಗ ಕೊಡತೀನಿ. ಅಪ್ಪ ಇಟ್ಟಲ್ಲಿ ಇಡತಾನ, ಯಾರ ಕಲ್ಲು ಅಂತ ಅವನೂ ಕೇಳಿಲ್ಲ."

"ಗಂಡಸಿನ ಕಲ್ಲಿಗೆ ಬಳಿ ಯಾಕ ಅಂತ ಕೇಳಲಿಲ್ಲೇನು?"

"ಆ ಕಡಿದು ಗಂಡಸರ ಕೆಲಸವ್ವ. ದೇವಿಗೆ ಇರಬೇಕು ಅಂದ್ಕಂಡೆ."

ಕನಕಮ್ಮ ಕಾಲುದಾರಿ ದಾಟಿದಳು. "ಏ, ಬ್ಯಾಡ, ಬ್ಯಾಡ" ಎಂದು ತಾಯಿ ಹಿಂದಿನಿಂದ ಸೆರಗು ಹಿಡಿದಳು; ಸೆರಗು ಕೈಯಿಂದ ಜಾರಿತು.

ಪಾಲಯ್ಯನಿಗೂ ಅಪ್ಪನಿಗೂ ನಡುವೆ ಒಂದು ಕಲ್ಲಿತ್ತು. ವರ್ಷವರ್ಷ ಬಳಿದ ಸುಣ್ಣ ಚಕ್ಕೆಗಟ್ಟಿತ್ತು. ಬಿದ್ದಿದ್ದ ಮಡಕೆಯ ಬೋಕಿ ಚೂರೊಂದನ್ನು ತೆಗೆದುಕೊಂಡು ಅವಳು ಕೆರೆಯತೊಡಗಿದಳು. ಮೊದಲು ಉದ್ದನೆಯ ಕೋಲು ಕಾಣಿಸಿತು, ತೋಟಿ ಹಿಡಿಯುವ ಕೋಲು. ಆಮೇಲೆ ಅದಕ್ಕೆ ಸುತ್ತಿದ ಮುತ್ತಿನ ಸರ, ಒಂದೊಂದು ಮಣಿಯೂ ಉಳಿಯಿಂದ ಕಡೆದದ್ದು. ಮಗನೆಂದು ಬದುಕಿಸಿಕೊಂಡವಳನ್ನು ಕೇರಿ ಮಗನಾಗಿಯೇ ಹೂತಿತ್ತು. ಚಾಕರಿ ಮಾಡಿದ ಗುರುತನ್ನೂ ಕೊಟ್ಟಿತ್ತು. ದಾರಿ ದಾಟದ ಮನೆಯ ಹೆಂಗಸರಿಗೆ ಇಷ್ಟು ವರ್ಷ ಅದು ಕಂಡಿರಲಿಲ್ಲ.

ಅವಳು ಅಷ್ಟಕ್ಕೆ ಬಿಡಲಿಲ್ಲ. ಪಾಲಯ್ಯನ ಕಲ್ಲನ್ನೂ ಕೆರೆದಳು. ಕೋಲು ಇತ್ತು. ಪಕ್ಕದ ಸಾಲಿಗೆ ಹೋಗಿ ಪಕ್ಕೀರಪ್ಪನ ತಾತನ ಕಲ್ಲನ್ನು ಮೇಲಿಂದ ಕೆಳಗಿನವರೆಗೆ, ಹಿಂದೆ ಮುಂದೆ ಕೆರೆದಳು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಪಂಚನಾಮೆಗೆ ಪಂಚಾಕ್ಷರಪ್ಪ ಬಂದದ್ದು ಸೋಮವಾರ. ಕೇರಿಯ ಇಬ್ಬರು ಹಿರಿಯರು, ಓಬಳೇಶ, ಪಕ್ಕೀರಪ್ಪ ಇದ್ದರು. ಕಳ್ಳಿ ಬೇಲಿಯ ಹೊರಗೇ ಸೈಕಲ್ ನಿಲ್ಲಿಸಿ ಪಂಚಾಕ್ಷರಪ್ಪ, "ಇಲ್ಲಿಂದನ ಕಾಣತೈತಿ, ಹೇಳ್ರಿ" ಎಂದ.

ಕನಕಮ್ಮ ಗಂಡಸರ ಸಾಲಿನಲ್ಲಿ ಕಲ್ಲಿನ ಪಕ್ಕ ಕೂತಿದ್ದಳು. "ಕಾಣಂಗಿಲ್ರಿ. ಒಳಗ ಬರ್ರಿ."

"ಹೋಗಿ ಮೈ ತೊಳಕಬೇಕಾಗತೈತಮ್ಮ."

"ತೊಳಕೊಳ್ರಿ. ಕೆರಿ ತುಂಬೇತಿ."

ಹಿರಿಯರಲ್ಲೊಬ್ಬ ಕೆಮ್ಮಿ ನಗು ನುಂಗಿದ. "ಅಕ್ಕ, ಮೆತ್ತಗ" ಎಂದ ಓಬಳೇಶ. ಅವಳು ಏಳಲಿಲ್ಲ. ಕೊನೆಗೆ ಪಂಚಾಕ್ಷರಪ್ಪ ಧೋತ್ರ ಎತ್ತಿ ಹಿಡಿದು ಒಳಗೆ ಬಂದ. ಬಗ್ಗಿ ನೋಡಿದ. ಬೆರಳಿನಿಂದ ಮಣಿಗಳನ್ನು ಮುಟ್ಟಿದ. ಪಕ್ಕೀರಪ್ಪನ ತಾತನ ಕಲ್ಲನ್ನೂ ಸುತ್ತಿ ಬಂದ. ಕಂಡದ್ದನ್ನು ಕಂಡಂತೆ ಬರೆದ. ವಂಶವೃಕ್ಷ ತೆಗೆದು ಖಾಲಿ ಜಾಗಕ್ಕೆ ಪೆನ್ನು ಇಟ್ಟು ತಲೆಯೆತ್ತಿದ.

"ಗಾಳೆಮ್ಮ, ಪಾಲಯ್ಯನ ಮಗಳು, ತೋಟಿ. ಗಂಡನ ಹೆಸರಿಗೆ?"

"ಗೆರಿ ಎಳೀರಿ."

"ತಹಸೀಲ್ದಾರ್ರು ವಾಪಸ್ ಕಳಿಸಿದ್ರ?"

"ಅವರೂ ಬಂದು ನೋಡ್ಲಿ. ಕಲ್ಲು ಎಲ್ಲಿಗೂ ಹೋಗಂಗಿಲ್ಲ, ನಾನೂ ಹೋಗಂಗಿಲ್ಲ."

ಅವನು ಗೆರೆ ಎಳೆದ. ಹಿರಿಯರು ಹೆಬ್ಬೆಟ್ಟು ಒತ್ತಿದರು. ಪಕ್ಕೀರಪ್ಪ ಕೈಕಟ್ಟಿ ನಿಂತ. "ನಾ ಒತ್ತಂಗಿಲ್ಲ. ಗಂಡಸರ ಸಾಲಿನ್ಯಾಗ ಹೆಂಗಸು ಕುಂತು ಮಾಡಿದ ಪಂಚನಾಮಿ ಇದು."

"ಹಂಗ ಬರಕೊಳ್ರಿ ಸಾಹೇಬ್ರ" ಎಂದಳು ಕನಕಮ್ಮ. "ಕಲ್ಲು ಸುಳ್ಳು ಅಂತ ಅಂದಿಲ್ಲ, ಹೆಂಗಸು ಕುಂತಾಳಂತ ಒಲ್ಲೆ ಅಂದಾನ. ಅವನ ಮಾತಿನ್ಯಾಗ ಬರೀರಿ."

ಪಂಚಾಕ್ಷರಪ್ಪ ಬರೆಯತೊಡಗಿದ.

ಇಷ್ಟು ಹೊತ್ತೂ ಕಾಲುದಾರಿಯ ಈಚೆ ನಿಂತಿದ್ದ ಮಾರೆಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹಸಿರು ಬಳೆಗಳಿದ್ದವು. ಒಮ್ಮೆ ದಾರಿ ನೋಡಿದಳು, ಒಮ್ಮೆ ಮಗಳನ್ನು ನೋಡಿದಳು, ಆಮೇಲೆ ದಾಟಿ ಬಂದಳು.

"ಇನ್ನ ಕೇರ್ಯಾಗಿನ ಹೆಂಗಸರೆಲ್ಲಾ ಈ ಕಡೀಗೇ ಬರ್ರಿ" ಎಂದ ಪಕ್ಕೀರಪ್ಪ.

"ಅತ್ತಿನ್ನ ಮಾತಾಡಿಸಾಕ ಬಂದೀನಿ ಮೈದ್ನ" ಎಂದಳು ಮಾರೆಮ್ಮ. "ದಾರಿ ಬಿಡು."

ಅವನು ಪಕ್ಕಕ್ಕೆ ಸರಿದ. ಅವಳು ಕುಕ್ಕರುಗಾಲಿನಲ್ಲಿ ಕೂತು, ಬಳೆಗಳನ್ನು ಒಂದೊಂದಾಗಿ ಕಲ್ಲಿನ ಮುಂದೆ ಇಟ್ಟಳು.